ದೊಡ್ಡಪ್ಪನ ಕಿವಿ ಹಿಡಿದ ದೋಷ

ನಮ್ಮ ದೊಡ್ಡಪ್ಪನ ಲ್ಯಾಪ್‌ಟಾಪಿನಲ್ಲಿ ಎಫ್2 ಮತ್ತು ಎಫ್3 ಕೀಗಳ ಮೇಲೆ ಒಂದೊಂದು ಬಿಂದಿ ಅಂಟಿಸಿದೆ. ಅಂಟಿಸಿದ್ದು ದೊಡ್ಡಮ್ಮ. ಒಂದು ಸದ್ದು ತಗ್ಗಿಸುವ ಕೀ, ಇನ್ನೊಂದು ಏರಿಸುವ ಕೀ. ಗ್ಲುಕೋಮಾದಿಂದ ದೊಡ್ಡಪ್ಪನ ದೃಷ್ಟಿ ಬಹುಪಾಲು ಹೋಗಿದೆ. ಬೆಳಕು, ಕತ್ತಲೆ, ಎದುರಿಗೆ ಯಾರೋ ನಿಂತಿದ್ದಾರೆ ಅನ್ನುವಷ್ಟು ಗೊತ್ತಾಗುತ್ತದೆ; ಪರದೆ ಮೇಲಿನ ಅಕ್ಷರವಾಗಲಿ, ಮೌಸಿನ ಬಾಣವಾಗಲಿ ಕಾಣುವುದಿಲ್ಲ. ಹಾಗಾಗಿ ಬೆರಳಿಗೆ ಸಿಗುವ ಬಿಂದಿಗಳೇ ಅವರಿಗೆ ಗುರುತು.

ಅವರು ದಿನವೂ ಕೇಳುವುದು ಗಮಕ. ತೀರ್ಥಹಳ್ಳಿಯ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿದ ಮೇಲೆ ಗಮಕಕ್ಕೆ ಹೆಸರಾದ ಹೊಸಹಳ್ಳಿ ಕಡೆಯ ಹಳೆಯ ರೆಕಾರ್ಡಿಂಗುಗಳನ್ನು ಹಾಕಿಕೊಂಡು ಕೂತರೆ ಸಂಜೆ ಕಾಫಿ ಹೊತ್ತಿನವರೆಗೂ ಏಳುವುದಿಲ್ಲ. ಗಮಕದಲ್ಲಿ ಇಬ್ಬರು: ಪದ್ಯವನ್ನು ರಾಗದಲ್ಲಿ ವಾಚನ ಮಾಡುವವರು ಒಬ್ಬರು, ಅರ್ಥ ಬಿಡಿಸಿ ವ್ಯಾಖ್ಯಾನ ಮಾಡುವವರು ಇನ್ನೊಬ್ಬರು. ದೊಡ್ಡಪ್ಪನ ಹತ್ತಿರ ಇರುವ ರೆಕಾರ್ಡಿಂಗುಗಳಲ್ಲಿ ವಾಚನದ ದನಿ ಮನೆ ತುಂಬುವಷ್ಟು ದೊಡ್ಡದು, ವ್ಯಾಖ್ಯಾನಕಾರರು ಮಾತ್ರ ಎಲ್ಲೋ ದೂರದಲ್ಲಿ ಕೂತು ಮಾತಾಡಿದ ಹಾಗೆ. ಪದ್ಯ ಬಂದಾಗ ತಗ್ಗಿಸಬೇಕು, ಅರ್ಥ ಬಂದಾಗ ಏರಿಸಬೇಕು. ಆ ಎರಡು ಕೀಗಳಿಗೆ ಬಿಡುವೇ ಇಲ್ಲ. ಅವು ಕೆಲಸ ನಿಲ್ಲಿಸಿದರೆ ದೊಡ್ಡಪ್ಪನಿಗೆ ಅರ್ಧ ಗಮಕ ಕೇಳಿಸಿದ ಹಾಗೇ ಅಲ್ಲ.

ಹೋದ ಮಳೆಗಾಲದಲ್ಲಿ ಅವು ಕೆಲಸ ನಿಲ್ಲಿಸಿದವು. ದೊಡ್ಡಮ್ಮ ಮಗಳ ಬಾಣಂತನಕ್ಕೆ ಶಿರಸಿಗೆ ಹೋಗಿದ್ದರು. ಮನೆಯಲ್ಲಿ ದೊಡ್ಡಪ್ಪ ಒಬ್ಬರೇ. ಅಡುಗೆಯವರು ಬೆಳಿಗ್ಗೆ ಬಂದು ಹೋಗುವವರು. ಮಳೆಗೆ ಇಂಟರ್ನೆಟ್ ಸತ್ತಿತ್ತು. ಮೊಬೈಲಿನಲ್ಲಿ ಮಾತು ಮಾತ್ರ, ಅದೂ ಕಿಟಕಿ ಹತ್ತಿರ ನಿಂತರೆ.

"ಎರಡು ಕೀನೂ ಸತ್ತಿದೆ ಮಾರಾಯ. ಎಷ್ಟು ಒತ್ತಿದ್ರೂ ಎಂತದೂ ಆಗದಿಲ್ಲ" ಅಂದರು.

ಬೆಂಗಳೂರಿನಲ್ಲಿ ಕೂತ ನನಗೆ ಆ ಪರದೆ ಕಾಣದು. ಅಲ್ಲಿ ಕೂತ ಅವರಿಗೂ ಕಾಣದು. ಇಂಥ ತಾಪತ್ರಯಗಳನ್ನು ಸರಿಮಾಡಿ ನನಗೆ ಅಭ್ಯಾಸ ಉಂಟು. ಆದರೆ ನಾನು ಕೇಳಲು ಕಲಿತ ಪ್ರಶ್ನೆಗಳೆಲ್ಲ ಕಣ್ಣಿನವು: ಏನು ಕಾಣಿಸ್ತಾ ಇದೆ, ಯಾವ ಗುರುತು ಬಂತು, ಕೆಂಪೋ ಹಸಿರೋ. ಅವತ್ತು ಅವು ಒಂದೂ ಪ್ರಯೋಜನಕ್ಕೆ ಬರಲಿಲ್ಲ.

ಕೀಬೋರ್ಡಿನ ಮೇಲ್ಸಾಲಿನ ಕೀಗಳು ಕೈಕೊಟ್ಟವು ಅಂದಾಗ ನಾನು ಮೊದಲು ಅನುಮಾನಿಸುವುದು ಎಫ್‌ಎನ್ ಲಾಕನ್ನು. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಎಫ್‌ಎನ್ ಮತ್ತು ಎಸ್ಕೇಪ್ ಕೀ ಒಟ್ಟಿಗೆ ಒತ್ತಿದರೆ ಮೇಲ್ಸಾಲಿನ ಕೆಲಸವೇ ಅದಲುಬದಲಾಗುತ್ತದೆ. ಸದ್ದು ಏರಿಸುತ್ತಿದ್ದ ಕೀ ಬರೀ ಎಫ್3 ಆಗಿಬಿಡುತ್ತದೆ. ಬ್ರೌಸರ್ ತೆರೆದು ಎಫ್5 ಒತ್ತಿ, ಪುಟ ಮತ್ತೆ ಲೋಡ್ ಆದರೆ ಕೀಗಳು ಆ ಕಡೆ ತಿರುಗಿವೆ ಎಂದು ಅರ್ಥ. ಆದರೆ ಪುಟ ಲೋಡ್ ಆಯಿತೆಂದು ದೊಡ್ಡಪ್ಪ ನೋಡುವುದು ಹೇಗೆ? ಅವರಿಗೆ ಬೆಳಕು ಗೊತ್ತಾಗುತ್ತದಲ್ಲ ಎಂದು ನೆನಪಾಗಿ, ಕೋಣೆಯ ದೀಪ ಆರಿಸಿ ಎಫ್5 ಒತ್ತಿಹಿಡಿಯಲು ಹೇಳಿದೆ. ಅವರ ಲ್ಯಾಪ್‌ಟಾಪಿನಲ್ಲಿ ಅದು ಪರದೆಯ ಬೆಳಕು ತಗ್ಗಿಸುವ ಕೀ.

"ಕತ್ತಲಾಯ್ತು" ಅಂದರು. "ಮುಂದಿಂದು ಒತ್ತಿ" ಅಂದೆ. "ಈಗ ಬೆಳಕಾಯ್ತು."

ಮೇಲ್ಸಾಲು ಅದಲುಬದಲಾಗಿಲ್ಲ ಎಂದಾಯಿತು. ಅಲ್ಲಿಗೆ ಎಫ್‌ಎನ್ ಲಾಕಿನ ಮಾತು ಮುಗಿಯಿತು. ಉಳಿದದ್ದು ಕೀಯೇ ಕೆಟ್ಟಿರುವ ಸಂಭವ. ಲ್ಯಾಪ್‌ಟಾಪ್ ಕೀಬೋರ್ಡಿನ ಒಳಗೆ ಕೀಗಳಿಗೆ ಬೇರೆಬೇರೆ ತಂತಿ ಇರುವುದಿಲ್ಲ. ಅಡ್ಡ ಗೆರೆ, ಉದ್ದ ಗೆರೆಗಳ ಒಂದು ಜಾಲ ಇರುತ್ತದೆ. ಚಹಾ ಚೆಲ್ಲಿ ಒಂದು ಗೆರೆ ಹಾಳಾದರೆ ಆ ಗೆರೆಯ ಮೇಲಿನ ಕೀಗಳೆಲ್ಲ ಒಟ್ಟಿಗೆ ಹೋಗುತ್ತವೆ, ಅದರಲ್ಲಿ ಅಕ್ಷರದ ಕೀಗಳೂ ಸಿಕ್ಕಿಕೊಂಡಿರುತ್ತವೆ. ಸದ್ದಿನ ಕೀಗಳು ಮಾತ್ರ ಆರಿಸಿದ ಹಾಗೆ ಹೋದವು ಅಂದರೆ ನಾನು ತಂತಿಯನ್ನು ಸುಲಭಕ್ಕೆ ನಂಬುವುದಿಲ್ಲ. ದೊಡ್ಡಪ್ಪನ ಯಂತ್ರದಲ್ಲಿರುವುದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್. ಅದು ನನ್ನ ಮುಂದೆ ಇದ್ದಿದ್ದರೆ, ಯಾವ ಕೀ ಒತ್ತಿದ್ದು ತಲುಪಿತೆಂದು ತೋರಿಸುವ ಇವ್‌ಟೆಸ್ಟ್ ತೆರೆದು ಒಂದು ಸಲ ಒತ್ತಿ ನೋಡುತ್ತಿದ್ದೆ. ಸದ್ದು ಏರಿಸುವ ಕೀ ಒತ್ತಿದರೆ ಕೀಬೋರ್ಡ್ ಇ0 ಮತ್ತು 30 ಎಂಬ ಎರಡು ಬೈಟುಗಳನ್ನು ಕಳಿಸುತ್ತದೆ. ಸಿಸ್ಟಮ್ಮಿನ ತಿರುಳಾದ ಕರ್ನೆಲ್ ಅದನ್ನು 115 ಎಂಬ ಸಂಖ್ಯೆಯಾಗಿ ಮೇಲಕ್ಕೆ ದಾಟಿಸುತ್ತದೆ. ತಗ್ಗಿಸುವುದಕ್ಕೆ 114, ಬಾಯಿ ಮುಚ್ಚಿಸುವುದಕ್ಕೆ 113. ಆ ಸಂಖ್ಯೆ ಡೆಸ್ಕ್‌ಟಾಪಿಗೆ, ಅಂದರೆ ಪರದೆಯ ಕಿಟಕಿಗಳನ್ನು ನಡೆಸುವ ಪ್ರೋಗ್ರಾಮಿಗೆ ಹೋಗಿ, ಅದು ಧ್ವನಿಯ ಸರ್ವರ್‌ಗೆ ಹೇಳಿ, ಆ ಸರ್ವರ್ ಒಂದು ಸ್ಪೀಕರಿನ ಮಟ್ಟ ಬದಲಿಸುತ್ತದೆ. ಕೀ ಕೆಲಸ ಮಾಡುತ್ತಿಲ್ಲ ಅಂದರೆ ಈ ದಾರಿಯಲ್ಲಿ ಎಲ್ಲೋ ಒಂದು ಕಡೆ ಸುದ್ದಿ ನಿಂತಿದೆ ಅಂತಲೇ. ಎಲ್ಲಿ ನಿಂತಿದೆ ಎಂದು ತಿಳಿಯುವ ಮೊದಲೇ ಡ್ರೈವರ್ ತೆಗೆದು ಹಾಕುವುದು, ಇಡೀ ಸಿಸ್ಟಮ್ ಮತ್ತೆ ಇನ್‌ಸ್ಟಾಲ್ ಮಾಡುವುದು ನನಗೆ ಸರಿಬರುವುದಿಲ್ಲ. ಅಂಗಡಿಗಳಲ್ಲಿ ಹಾಗೆ ಮಾಡಿಸಿಕೊಂಡು ಫೋಟೋಗಳನ್ನೆಲ್ಲ ಕಳಕೊಂಡವರನ್ನು ಕಂಡಿದ್ದೇನೆ.

ಫೋನಿನಲ್ಲಿ ನಾನು ಸುಮ್ಮನಾದದ್ದು ಕಂಡು ದೊಡ್ಡಪ್ಪನೇ ಹೇಳಿದರು: "ಒಂದು ಮಾತು. ಕೀ ಒತ್ತಿದಾಗ ಟಪ್ ಅಂತ ಸಣ್ಣ ಸದ್ದು ಬರ್ತದೆ. ಗೂಡಲ್ಲಿಟ್ಟ ಸ್ಪೀಕರಿಂದಲ್ಲ, ಇಲ್ಲೇ ಕೈಯಡಿಯಿಂದ."

ಅಷ್ಟು ಸಾಕಾಯಿತು. ಆ ಡೆಸ್ಕ್‌ಟಾಪಿನಲ್ಲಿ ಸದ್ದಿನ ಮಟ್ಟ ಬದಲಾದಾಗ ಪರದೆಯ ಮೇಲೆ ಒಂದು ಪಟ್ಟಿ ಮೂಡುತ್ತದೆ, ಜೊತೆಗೆ ಎಷ್ಟಾಯಿತೆಂದು ತಿಳಿಯಲಿ ಅಂತ ಟಪ್ ಎಂಬ ಮಾದರಿ ಸದ್ದು ಬರುತ್ತದೆ. ಅಂದರೆ ಕೀ ಸತ್ತಿಲ್ಲ. ಸುದ್ದಿ ಕೊನೆಯವರೆಗೂ ಹೋಗುತ್ತಿದೆ, ಹೋಗಬೇಕಾದ ಸ್ಪೀಕರಿಗೆ ಮಾತ್ರ ಹೋಗುತ್ತಿಲ್ಲ. ದೊಡ್ಡಪ್ಪ ಗಮಕ ಕೇಳುವುದು ಕಿಟಕಿಯ ಪಕ್ಕದ ಗೂಡಿನಲ್ಲಿಟ್ಟ ಯುಎಸ್‌ಬಿ ಸ್ಪೀಕರಿನಲ್ಲಿ. ಅದಕ್ಕೆ ತಿರುಗಿಸುವ ಗುಂಡಿ ಇಲ್ಲ. ಕೀಗಳು ಏರಿಸಿ ಇಳಿಸುತ್ತಿದ್ದುದು ಲ್ಯಾಪ್‌ಟಾಪಿನ ಒಡಲಲ್ಲೇ ಇರುವ ಪುಟ್ಟ ಸ್ಪೀಕರನ್ನು, ಅದರಲ್ಲಿ ಏನೂ ನುಡಿಯುತ್ತಲೇ ಇರಲಿಲ್ಲ. ಕಣ್ಣಿದ್ದವರಾದರೆ ಪಟ್ಟಿ ಓಡಾಡುವುದನ್ನು ನೋಡಿ "ಕೀ ಸರಿ ಉಂಟು, ಸದ್ದು ಬದಲಾಗ್ತಿಲ್ಲ" ಅನ್ನುತ್ತಿದ್ದರು, ಮಾತು ಬೇಗ ಮುಗಿಯುತ್ತಿತ್ತು. ಯಂತ್ರ ತಾನು ಕೇಳಿಸಿಕೊಂಡೆ ಎಂಬುದನ್ನು ಕಣ್ಣಿಗೆ ಮಾತ್ರ ದೊಡ್ಡದಾಗಿ ಹೇಳುತ್ತದೆ. ಕಾಣದವರಿಗೆ ಉಳಿಯುವುದು ಒಂದು ಟಪ್, ಅದೂ ಮಳೆ ಸದ್ದಿನ ನಡುವೆ. ದೊಡ್ಡಪ್ಪ ಅದು ಯಾವ ದಿಕ್ಕಿನಿಂದ ಬಂತು ಅನ್ನುವುದನ್ನೂ ಗಮನಿಸಿದ್ದರು.

ಇನ್ನು ಸರಿಮಾಡುವುದು. ಸೆಟ್ಟಿಂಗ್ ತೆರೆದು ಪಟ್ಟಿಯಿಂದ ಸ್ಪೀಕರ್ ಆರಿಸಿದರೆ ಆಯಿತು, ಆದರೆ ಅದಕ್ಕೆ ಮೌಸ್ ಬೇಕು, ಕಣ್ಣು ಬೇಕು. ನಮ್ಮ ಪುಣ್ಯಕ್ಕೆ ದೊಡ್ಡಪ್ಪ ಕೋರ್ಟಿನಲ್ಲಿ ಬೆರಳಚ್ಚುಗಾರರಾಗಿ ನಿವೃತ್ತರಾದವರು. ಇಂಗ್ಲಿಷ್ ಟೈಪಿಂಗ್ ಅವರಿಗೆ ಕೈಯ ಅಭ್ಯಾಸ; ಎಫ್ ಮತ್ತು ಜೆ ಮೇಲಿನ ಗೀರು ಬೆರಳಿಗೆ ಸಿಕ್ಕರೆ ಸಾಕು. ಕಂಟ್ರೋಲ್, ಆಲ್ಟ್, ಟಿ ಒಟ್ಟಿಗೆ ಒತ್ತಲು ಹೇಳಿದೆ. ಅದರಿಂದ ಟರ್ಮಿನಲ್, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿ, ತೆರೆಯುತ್ತದೆ. ಆಮೇಲೆ ಅಕ್ಷರ ಅಕ್ಷರವಾಗಿ ಒಂದು ಆಜ್ಞೆ ಹೇಳುತ್ತಾ ಹೋದೆ: ಪ್ಯಾಕ್ಟ್‌ಎಲ್, ಲಿಸ್ಟ್, ಶಾರ್ಟ್, ಸಿಂಕ್ಸ್. ಯಾವ ಯಾವ ಸ್ಪೀಕರ್ ಇದೆ, ಯಾವುದು ಎಚ್ಚರ, ಯಾವುದು ನಿದ್ದೆ ಎಂದು ತೋರಿಸುವ ಆಜ್ಞೆ ಅದು. ಉತ್ತರ ಪರದೆಗೆ ಬಂದರೆ ಓದುವವರು ಯಾರು? ಹಾಗಾಗಿ ಕೊನೆಗೆ, ಒಂದರ ಉತ್ತರವನ್ನು ಇನ್ನೊಂದಕ್ಕೆ ದಾಟಿಸುವ ಒಂದು ಉದ್ದ ಗೀಟು ಹಾಕಿಸಿ ಈಸ್ಪೀಕ್‌ ಎನ್‌ಜಿ ಸೇರಿಸಿದೆ. ಬರಹವನ್ನು ಓದಿ ಹೇಳುವ ಪ್ರೋಗ್ರಾಮು ಅದು, ಕನ್ನಡವೂ ಬರುತ್ತದೆ. ಬೇರೆ ಕೆಲಸಕ್ಕೆಂದು ಮೊದಲೇ ಹಾಕಿಟ್ಟಿದ್ದೆ. ಆ ಉದ್ದ ಗೀಟು ಅವರ ಟೈಪ್‌ರೈಟರಿನಲ್ಲಿ ಇರಲಿಲ್ಲವಂತೆ. ಎಂಟರ್ ಕೀಯ ಮೇಲಿನದು, ಶಿಫ್ಟ್ ಹಿಡಿದು ಒತ್ತಿ ಅಂತ ವಿವರಿಸಿದೆ.

ಮೊದಲ ಸಲ ಏನೂ ಸದ್ದಿಲ್ಲ. ಮೊಬೈಲಿನಲ್ಲಿ ಟಿ ಮತ್ತು ಡಿ, ಪಿ ಮತ್ತು ಬಿ ಒಂದೇ ಥರ ಕೇಳುತ್ತವೆ. ಆಮೇಲೆ ಕೋರ್ಟಿನಲ್ಲಿ ಅವರಿಗೆ ರೂಢಿಯಿದ್ದ ಪದ್ಧತಿಯಲ್ಲಿ, ಒಂದೊಂದು ಅಕ್ಷರಕ್ಕೂ ಒಂದು ಊರಿನ ಹೆಸರು ಹೇಳಿದೆವು. ಟಿ ಅಂದರೆ ತುಮಕೂರು, ಡಿ ಅಂದರೆ ದಾವಣಗೆರೆ. ಎಂಟರ್ ಒತ್ತಿದ ಕೂಡಲೇ ಲ್ಯಾಪ್‌ಟಾಪ್ ಒಣ ದನಿಯಲ್ಲಿ ಇಂಗ್ಲಿಷ್ ಓದತೊಡಗಿತು. ದೊಡ್ಡಪ್ಪ ಮೊಬೈಲನ್ನು ಅದರ ಹತ್ತಿರ ಹಿಡಿದರು. ಒಳಗಿನ ಸ್ಪೀಕರ್ ಸಸ್ಪೆಂಡೆಡ್, ಅಂದರೆ ನಿದ್ದೆ. ಯುಎಸ್‌ಬಿ ಸ್ಪೀಕರ್, ಅದರ ಮುಂದೆ ಒಂದು ಸಂಖ್ಯೆ, ಕೊನೆಗೆ ರನ್ನಿಂಗ್, ಅಂದರೆ ಎಚ್ಚರ. ಗಮಕ ಹರಿಯುತ್ತಿದ್ದುದು ಎರಡನೆಯದರಲ್ಲಿ, ಮುಖ್ಯ ಸ್ಪೀಕರಾಗಿ ಕೂತಿದ್ದು ಮೊದಲನೆಯದು. ಗಮಕ ನುಡಿಸುವ ಪ್ಲೇಯರ್ ತನ್ನ ಸ್ಪೀಕರ್ ಯಾವುದೆಂದು ಮೊದಲಿಂದ ನೆನಪಿಟ್ಟುಕೊಂಡಿತ್ತು. ಸದ್ದಿನ ಕೀಗಳು ಮಾತ್ರ ಮುಖ್ಯ ಸ್ಪೀಕರನ್ನು ಹಿಂಬಾಲಿಸುತ್ತವೆ. ರಜೆಗೆ ಬಂದಿದ್ದ ಮಕ್ಕಳು ಪಾಠದ ವಿಡಿಯೋ ನೋಡುವಾಗ ಮುಖ್ಯ ಸ್ಪೀಕರ್ ಬದಲಿಸಿದ್ದರೆಂದು ಆಮೇಲೆ ತಿಳಿಯಿತು. ಮಕ್ಕಳ ತಪ್ಪು ಏನೂ ಇಲ್ಲ, ಅವರಿಗೆ ಬೇಕಾದ್ದು ಅವರು ಆರಿಸಿಕೊಂಡರು.

ಮುಖ್ಯ ಸ್ಪೀಕರ್ ಬದಲಿಸುವ ಇನ್ನೊಂದು ಆಜ್ಞೆ ಹೇಳಿದೆ, ಸ್ಪೀಕರ್ ಕೂಗಿದ ಆ ಸಂಖ್ಯೆಯನ್ನು ಕೊನೆಗೆ ಸೇರಿಸಿ. ಎಂಟರ್ ಒತ್ತಿ, ಬಿಂದಿ ಹುಡುಕಿ ಎಫ್3 ಒತ್ತಿದರು. ಮೊಬೈಲಿನಲ್ಲಿ ನನಗೂ ವ್ಯಾಖ್ಯಾನಕಾರರ ದನಿ ಏರುವುದು ಕೇಳಿಸಿತು. ದೊಡ್ಡಪ್ಪ ಫೋನ್ ಇಡಲೇ ಇಲ್ಲ, ಪ್ರಸಂಗ ಮುಗಿಯುವವರೆಗೆ ನನಗೂ ಕೇಳಿಸಿದರು.

ಮುಂದಿನ ಸಲ ಊರಿಗೆ ಹೋದಾಗ ಒಂದು ಸಣ್ಣ ಸ್ಕ್ರಿಪ್ಟ್, ಅಂದರೆ ಆಜ್ಞೆಗಳ ಪಟ್ಟಿ, ಬರೆದು ಒಂದು ಕೀ ಜೋಡಣೆಗೆ ಕಟ್ಟಿದೆ. ಒತ್ತಿದರೆ ಈಸ್ಪೀಕ್ ಕನ್ನಡದಲ್ಲಿ ಮುಖ್ಯ ಸ್ಪೀಕರ್ ಯಾವುದು, ಮಟ್ಟ ಎಷ್ಟು ಎಂದು ಹೇಳುತ್ತದೆ. "ಗೂಡಿನ ಸ್ಪೀಕರ್, ನಲವತ್ತು." ಇದನ್ನು ಕೇಳಲು ಕಂಪ್ಯೂಟರ್ ಬಲ್ಲ ನೆಂಟ ಮನೆಯಲ್ಲಿರಬೇಕಾದ ಸ್ಥಿತಿ ಇರಬಾರದು ಎಂದು ನನಗೆ ಬಲವಾಗಿ ಅನಿಸುತ್ತದೆ. ಹಳೆಯ ಡೆಸ್ಕ್‌ಟಾಪ್ ಕೀಬೋರ್ಡುಗಳಲ್ಲಿ ಎಫ್ ಕೀಗಳು ನಾಲ್ಕು ನಾಲ್ಕರ ಗುಂಪಾಗಿ ಇರುತ್ತವೆ, ನಡುವಿನ ಅಂತರ ಬೆರಳಿಗೆ ದಾರಿ ಹೇಳುತ್ತದೆ. ದೊಡ್ಡಪ್ಪನ ಲ್ಯಾಪ್‌ಟಾಪಿನಂಥವುಗಳಲ್ಲಿ ಆ ಅಂತರವನ್ನೂ ತೆಗೆದುಬಿಟ್ಟಿದ್ದಾರೆ. ಬಿಂದಿ ಅಂಟಿಸುವ ದೊಡ್ಡಮ್ಮ ಎಲ್ಲರ ಮನೆಯಲ್ಲೂ ಇರುವುದಿಲ್ಲವಲ್ಲ.

ಸ್ಕ್ರಿಪ್ಟ್ ಕೇಳಿ ದೊಡ್ಡಪ್ಪ ಕೇಳಿದರು, "ಬೆಳಕು ಹೆಚ್ಚುಕಮ್ಮಿ ಮಾಡೋ ಕೀ ನಂಗೆಂತಕ್ಕೆ? ಅವಕ್ಕೆ ಬೇರೆ ಕೆಲಸ ಕೊಡು. ಒಂದು ಒತ್ತಿದ್ರೆ ಪದ್ಯ ಹಿಂದೆ ಹೋಗಲಿ, ಇನ್ನೊಂದಕ್ಕೆ ಮುಂದೆ." ನ್ಯಾಯವಾದ ಮಾತು. ಆ ಎರಡು ಕೀಗಳ ಸುದ್ದಿ ಯಾವ ದಾರಿಯಲ್ಲಿ ಹೋಗುತ್ತದೆಂದು ಈಗ ನೋಡುತ್ತಿದ್ದೇನೆ. ದೊಡ್ಡಮ್ಮ ಇನ್ನೆರಡು ಬಿಂದಿ ತೆಗೆದಿಟ್ಟಿದ್ದಾರೆ.