ಅಪ್ಪನ ಜೊತೆ ಓಟಿಸ್ ರೆಡಿಂಗ್ ಊರಿಗೆ

ಅಟ್ಲಾಂಟಾದಿಂದ ಮೇಕನ್‌ಗೆ ಐ-75ರಲ್ಲಿ ಒಂದೂವರೆ ಗಂಟೆ ಡ್ರೈವ್ ಅಷ್ಟೇ, ಆದ್ರೂ ನಾನಿಲ್ಲಿಗೆ ಬಂದು ಹನ್ನೊಂದು ವರ್ಷ ಆದ್ರೂ ಆ ಊರಿಗೆ ಹೋಗಿರ್ಲಿಲ್ಲ, ಫ್ಲೋರಿಡಾಗೆ ಹೋಗೋವಾಗೆಲ್ಲ ಎಕ್ಸಿಟ್ ಬೋರ್ಡ್ ನೋಡಿ ಸೀದಾ ಮುಂದಕ್ಕೆ ಹೋಗ್ಬಿಡ್ತಿದ್ವಿ. ಮಾರ್ಚಲ್ಲಿ ಅಪ್ಪ ಊರಿಂದ ಬಂದಿದ್ರು. ಒಂದಿನ ಸಂಜೆ ಅಡುಗೆಮನೇಲಿ ಓಟಿಸ್ ರೆಡಿಂಗ್ ಅನ್ನೋ ಅರವತ್ತರ ದಶಕದ ಅಮೆರಿಕನ್ ಹಾಡುಗಾರನ ಹಾಡು ಹಾಕ್ಕೊಂಡು ಪಾತ್ರೆ ತೊಳೀತಿದ್ದೆ, ಹಾಡಿನ ಕೊನೇಲಿ ಸಿಳ್ಳೆ ಬರುತ್ತಲ್ಲ, ಅದು ಮುಗಿದ ಮೇಲೆ ಅಪ್ಪ ಬಂದು "ಯಾರೋ ಇದು, ಇಷ್ಟು ಚೆನ್ನಾಗಿ ಹಾಡ್ತಾ ಇದ್ದೋನು ಯಾಕೆ ಮಾತು ಬಿಟ್ಟು ಸಿಳ್ಳೆ ಹೊಡ್ದ?" ಅಂದ್ರು. ಆ ಶನಿವಾರನೇ ಅವನ ಊರು ಮೇಕನ್‌ಗೆ ಹೊರಟ್ವಿ.

ದಾರಿ ಪಕ್ಕ ಮಣ್ಣು ಅಗೆದಿರೋ ಕಡೆ ಎಲ್ಲ ಕೆಂಪು ಕೆಂಪು. ಜಾರ್ಜಿಯಾದ ಈ ಕೆಂಪು ಜೇಡಿ ಮಣ್ಣು ಹೆಸರುವಾಸಿ. ಅಪ್ಪ ಕಿಟಕಿ ಇಳಿಸಿ ನೋಡಿ "ನಮ್ ಸಕಲೇಶಪುರದ ಕಡೆ ಮಣ್ಣಿದ್ದಂಗೆ ಇದೆ ಕಣೋ, ಒಣಗಿದ್ರೆ ಗುದ್ದಲಿ ಇಳಿಯಲ್ಲ" ಅಂದ್ರು. ಆಗ ಹೇಳ್ದೆ, ಈ ಓಟಿಸ್ ಸ್ಕೂಲ್ ಬಿಟ್ಟ ಮೇಲೆ ಇದೇ ಮಣ್ಣಲ್ಲಿ ಬಾವಿ ತೋಡೋ ಕೆಲಸ ಮಾಡಿದ್ದ ಅಂತ. ಹುಟ್ಟಿದ್ದು 1941ರಲ್ಲಿ ಡಾಸನ್ ಅನ್ನೋ ಸಣ್ಣ ಊರಲ್ಲಿ, ಮಗು ಇದ್ದಾಗಲೇ ಮೇಕನ್‌ಗೆ ಬಂದ್ರು, ಬೆಳೆದಿದ್ದು ಟಿಂಡಾಲ್ ಹೈಟ್ಸ್ ಅನ್ನೋ ಸರ್ಕಾರಿ ವಸತಿ ಕಾಲೋನೀಲಿ. ಅವರಪ್ಪ ಏರ್ ಫೋರ್ಸ್ ಬೇಸಲ್ಲಿ ಕೆಲಸ ಮಾಡ್ಕೊಂಡು ಚರ್ಚಲ್ಲಿ ಪ್ರವಚನ ಮಾಡ್ತಿದ್ರು, ಅವ್ರಿಗೆ ಟಿಬಿ ಆಗಿ ಮಲಗಿದಾಗ ಮಗ 15 ವರ್ಷಕ್ಕೆ ಓದು ಬಿಟ್ಟು ದುಡಿಯೋಕೆ ಇಳಿದ. ಬಾವಿ ತೋಡಿದ, ಪೆಟ್ರೋಲ್ ಬಂಕಲ್ಲಿ ಕೆಲಸ ಮಾಡಿದ. ಅಪ್ಪ ಇದನ್ನ ಕೇಳಿ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಅವ್ರೂ ತಾತ ತೀರ್ಕೊಂಡ ಮೇಲೆ ಒಂದು ವರ್ಷ ಓದು ನಿಲ್ಲಿಸಿದ್ದೋರು.

ಮೇಕನ್ ತುಂಬ ಚೆರ್ರಿ ಮರ, ನಾವು ಹೋದಾಗ ಊರೆಲ್ಲ ತಿಳಿ ಗುಲಾಬಿ ಹೂವು. ಆದ್ರೆ ನಾನು ಮೊದ್ಲು ಕರ್ಕೊಂಡು ಹೋಗಿದ್ದು ಡಗ್ಲಸ್ ಥಿಯೇಟರ್‌ಗೆ. 1921ರಲ್ಲಿ ಚಾರ್ಲ್ಸ್ ಡಗ್ಲಸ್ ಅನ್ನೋ ಕಪ್ಪು ಜನಾಂಗದ ವ್ಯಾಪಾರಿ ಕಟ್ಟಿಸಿದ್ದು, ಬಿಳಿಯರ ಥಿಯೇಟರಲ್ಲಿ ತಮ್ಮ ಜನಕ್ಕೆ ಮರ್ಯಾದೆಯಿಂದ ಕೂರೋಕೆ ಬಿಡದೆ ಇದ್ದ ಕಾಲ ಅದು. ಇಲ್ಲೂ ಊರಿನ ಇನ್ನೊಂದು ಥಿಯೇಟರ್ ರಾಕ್ಸೀಲೂ 1958ರ ಸುಮಾರಿಗೆ ಹದಿಹರೆಯದವರಿಗೆ ಹಾಡಿನ ಸ್ಪರ್ಧೆ ನಡೀತಿತ್ತು, ಗೆದ್ದೋರಿಗೆ 5 ಡಾಲರ್. ಓಟಿಸ್ ಸತತ 15 ವಾರ ಗೆದ್ದ. ಐದೈದು ಡಾಲರ್ ತಗೊಂಡು ಮನೆಗೆ ಹೋಗ್ತಿದ್ದ ಹುಡುಗ. ಹೆಂಡತಿ ಝೆಲ್ಮಾ ಸಿಕ್ಕಿದ್ದೂ ಅದೇ ಸ್ಪರ್ಧೇಲಿ.

ಅವನು ಅಲ್ಲಿ ಹಾಡ್ತಿದ್ದದ್ದು ಜಾಸ್ತಿ ಲಿಟಲ್ ರಿಚರ್ಡ್ ಹಾಡು. ರಿಚರ್ಡ್ ಕೂಡ ಇದೇ ಊರೋನು, ಪ್ಲೆಸೆಂಟ್ ಹಿಲ್ ಅನ್ನೋ ಏರಿಯಾದವನು, 1932ರಲ್ಲಿ ಹುಟ್ಟಿದ್ದು, ಇಲ್ಲಿನ ಬಸ್ ಸ್ಟ್ಯಾಂಡಲ್ಲಿ ಪಾತ್ರೆ ತೊಳೀತಿದ್ದೋನು 1955ರಲ್ಲಿ ನ್ಯೂ ಆರ್ಲಿಯನ್ಸಲ್ಲಿ ಹಾಡು ರೆಕಾರ್ಡ್ ಮಾಡಿ ರಾಕ್ ಅಂಡ್ ರೋಲ್‌ನ ಗತೀನೇ ಬದಲಾಯಿಸಿದ. 1957ರಲ್ಲಿ ಆಸ್ಟ್ರೇಲಿಯಾ ಟೂರ್ ನಡುವೆ ಇದೆಲ್ಲ ಸಾಕು, ದೇವರ ಕೆಲಸ ಮಾಡ್ತೀನಿ ಅಂತ ಬಿಟ್ಟು ಹೋದ, ಅವನ ಬ್ಯಾಂಡ್ ಅನಾಥ ಆಯ್ತು, ಆ ಬ್ಯಾಂಡ್ ಜೊತೆ ಹಾಡಿದೋರಲ್ಲಿ ಓಟಿಸ್ ಒಬ್ಬ. ಹೈವೇ ಅಗಲ ಮಾಡೋವಾಗ ರಿಚರ್ಡ್ ಬೆಳೆದ ಮನೇನ ಒಡೀದೆ ಬೇರೆ ಜಾಗಕ್ಕೆ ಸಾಗಿಸಿ ಉಳಿಸಿದ್ದಾರೆ. ಒಂದು ಪುಟ್ಟ ಹಲಗೆ ಮನೆ, ಹನ್ನೆರಡು ಮಕ್ಕಳು ಬೆಳೆದ ಸಂಸಾರದ್ದು, ಅಪ್ಪ ಅದರ ಜಗಲಿ ಮುಂದೆ ನಿಂತು ಬಾಗಿಲು ಎಷ್ಟು ಗಿಡ್ಡ ನೋಡು ಅಂತಿದ್ರು.

ಮಧ್ಯಾಹ್ನ ಊಟಕ್ಕೆ ಅಪ್ಪಂಗೆ ಸೊಪ್ಪು ಆಗ್ಲಿಲ್ಲ (ಅದರಲ್ಲಿ ಮಾಂಸ ಹಾಕಿ ಬೇಯಿಸಿರ್ತಾರೆ, ಕೇಳೇ ತಗೋಬೇಕು), ಮೆಕ್ಕೆಜೋಳದ ಬ್ರೆಡ್ಡು ಮತ್ತೆ ಗ್ರಿಟ್ಸ್ ತಿಂದ್ರು. ಗ್ರಿಟ್ಸ್ ಅಂದ್ರೆ ಮೆಕ್ಕೆಜೋಳದ ರವೆ ಗಂಜಿ, ಉಪ್ಪು ಬೆಣ್ಣೆ ಹಾಕ್ಕೊಂಡು. ಊಟ ಮಾಡ್ತಾ ನಂಗೆ ತುಂಬ ಇಷ್ಟವಾದ ಕಥೆ ಹೇಳ್ದೆ. 1962ನೇ ಇಸವಿ, ಜಾನಿ ಜೆಂಕಿನ್ಸ್ ಅಂತ ಊರಿನ ಗಿಟಾರ್ ವಾದಕ, ಅವನಿಗೆ ಮೆಂಫಿಸಲ್ಲಿ ಸ್ಟ್ಯಾಕ್ಸ್ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಇತ್ತು, ಆದ್ರೆ ಲೈಸೆನ್ಸ್ ಇರ್ಲಿಲ್ಲ, ಕಾರು ಓಡಿಸಿಕೊಂಡು ಹೋದೋನು ಓಟಿಸ್. ಸ್ಟ್ಯಾಕ್ಸ್ ಅಂದ್ರೆ ಹಳೇ ಸಿನಿಮಾ ಟಾಕೀಸನ್ನ ಸ್ಟುಡಿಯೋ ಮಾಡಿದ್ದು, ಸೀಟು ಕಿತ್ತಿದ್ರೂ ನೆಲ ಟಾಕೀಸಿನ ಇಳಿಜಾರೇ. ಜೆಂಕಿನ್ಸ್ ರೆಕಾರ್ಡಿಂಗ್ ಸರಿ ಹೋಗ್ಲಿಲ್ಲ, ಟೈಮ್ ಇನ್ನೂ 40 ನಿಮಿಷ ಉಳಿದಿತ್ತು, ಆ ಡ್ರೈವರ್ ಹುಡುಗ ಹಾಡ್ತಾನಂತೆ ಹಾಡಿಸಿ ಅಂದ್ರು. ಹಾಡಿದ. ಗಿಟಾರ್ ನುಡಿಸೋ ಸ್ಟೀವ್ ಕ್ರಾಪರ್ ಪಿಯಾನೋಗೆ ಕೂತ. ಇನ್ನೊಬ್ಬರ ಪಾಲಿನ ಸಮಯದಲ್ಲಿ ಮಿಕ್ಕಿದ 40 ನಿಮಿಷ, ಅಷ್ಟರಲ್ಲಿ ಅವನ ಜೀವನ ತಿರುಗ್ತು.

ಸೋಲ್ ಮ್ಯೂಸಿಕ್ ಅಂದ್ರೆ ಚರ್ಚಲ್ಲಿ ದೇವರನ್ನ ಕರೆದು ಹಾಡೋ ರೀತೀಲೇ ಪ್ರೀತಿ, ಅಗಲಿಕೆ ಹಾಡೋದು. ಓಟಿಸ್ ದನಿ ಒರಟು, ಗಂಟಲು ಒಡೆದಂಗೆ ಕೇಳುತ್ತೆ, ಆದ್ರೆ ಒಂದು ಪದಾನೂ ಸುಳ್ಳು ಅನ್ಸಲ್ಲ. 1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಸಂಗೀತ ಉತ್ಸವದಲ್ಲಿ ಹೊಸ ಕೇಳುಗರು, ಹೆಚ್ಚಿನೋರು ಬಿಳಿಯರು, ಅವನನ್ನ ತಲೆ ಮೇಲೆ ಹೊತ್ಕೊಂಡ್ರು. ಆಮೇಲೆ ಗಂಟಲಿಗೆ ಆಪರೇಷನ್ ಆಯ್ತು, ಡಿಸೆಂಬರ್ ಹೊತ್ತಿಗೆ ಕ್ರಾಪರ್ ಜೊತೆ ಸೇರಿ ಆ ಸಿಳ್ಳೆ ಹಾಡು, 'ಡಾಕ್ ಆಫ್ ದಿ ಬೇ', ಮಾಡಿದ, ಬಂದರಿನ ಕಟ್ಟೆ ಮೇಲೆ ಕೂತು ಅಲೆ ನೋಡೋ, ಜಾರ್ಜಿಯಾದ ಮನೆ ಬಿಟ್ಟು ಬಂದೋನ ಹಾಡು ಅದು. ಡಿಸೆಂಬರ್ 10ಕ್ಕೆ ಅವನ ವಿಮಾನ ವಿಸ್ಕಾನ್ಸಿನ್‌ನ ಮ್ಯಾಡಿಸನ್ ಹತ್ರ ಮೊನೋನಾ ಅನ್ನೋ ಕೆರೆಗೆ ಬಿತ್ತು. 26 ವರ್ಷ. ಕ್ರಾಪರ್ ಅಲೆ ಸದ್ದು, ಕಡಲ ಹಕ್ಕಿ ಸದ್ದು ಸೇರಿಸಿ ಹಾಡನ್ನ ಮುಗಿಸಿದ್ರು, 1968ರ ಮಾರ್ಚಲ್ಲಿ ಅದು ಅಮೆರಿಕದಲ್ಲಿ ನಂಬರ್ ಒನ್, ಹಾಡುಗಾರ ಸತ್ತ ಮೇಲೆ ಹಂಗೆ ಮೇಲಕ್ಕೆ ಹೋದ ಮೊದಲ ಹಾಡು. ಕೊನೇಲಿ ಸಿಳ್ಳೆ ಬಂದಿದ್ದು ಅಲ್ಲಿಗೆ ಅವನ ಹತ್ರ ಸಾಹಿತ್ಯ ಇರ್ಲಿಲ್ಲ ಅಂತ, ಅಪ್ಪನ ಪ್ರಶ್ನೆಗೆ ಉತ್ತರ ಅಷ್ಟೇ.

ಸಿಟಿ ಆಡಿಟೋರಿಯಂ ಬಾಗಿಲು ಹಾಕಿತ್ತು, ತಾಮ್ರದ ಗುಮ್ಮಟ ಹೊರಗಿಂದಾನೇ ನೋಡಿದ್ವಿ. 1947ರಲ್ಲಿ ಇಲ್ಲಿ ಕೋಕಾಕೋಲಾ ಮಾರ್ತಿದ್ದ 14 ವರ್ಷದ ರಿಚರ್ಡ್ ಹಾಡೋದು ಕೇಳಿ ಸಿಸ್ಟರ್ ರೊಸೆಟ್ಟಾ ಥಾರ್ಪ್ ಅನ್ನೋ ಹೆಸರಾಂತ ಭಕ್ತಿಗೀತೆ ಗಾಯಕಿ ತನ್ನ ಕಛೇರೀಲಿ ಅವನನ್ನ ವೇದಿಕೆಗೆ ಹತ್ತಿಸಿದ್ಲು, 1967ರ ಡಿಸೆಂಬರ್ 18ಕ್ಕೆ ಓಟಿಸ್ ಅಂತ್ಯಸಂಸ್ಕಾರ ಆಗಿದ್ದೂ ಇಲ್ಲೇ, 4,500 ಜನ ಬಂದಿದ್ರು. ಅಪ್ಪ "ವಿಮಾನದಲ್ಲಿ ಬೇರೆ ಯಾರಿದ್ರು?" ಅಂದ್ರು. ಬಾರ್-ಕೇಸ್ ಅಂತ ಅವನ ಬ್ಯಾಂಡಿನ ಹುಡುಗರು, ಹದಿನೆಂಟು ಹತ್ತೊಂಬತ್ತು ವರ್ಷದೋರು, ತುತ್ತೂರಿ ಊದೋ ಬೆನ್ ಕಾಲಿ ಒಬ್ಬ ಸೀಟಿನ ಮೆತ್ತೆ ಹಿಡ್ಕೊಂಡು ಆ ಚಳಿ ನೀರಲ್ಲಿ ಬದುಕಿದ, ಅವನಿಗೆ ಈಜೂ ಬರ್ತಿರ್ಲಿಲ್ಲ ಅಂದೆ. ಅಪ್ಪ ಅಲ್ಲೇ ಮೆಟ್ಟಿಲ ಮೇಲೆ ಕೂತ್ರು. "ನಂಗೂ ಆ ವರ್ಷ ಹದಿನೆಂಟೇ ಕಣೋ" ಅಂದ್ರು.

ಸಂಜೆ ಓಕ್ಮಲ್ಗೀ ನದಿ ಪಕ್ಕ ಗೇಟ್‌ವೇ ಪಾರ್ಕಿಗೆ ಹೋದ್ವಿ, ಅಲ್ಲಿ ಓಟಿಸ್ ಕಂಚಿನ ಪ್ರತಿಮೆ ಗಿಟಾರ್ ಹಿಡಿದು ಕೂತಿದೆ, 2002ರಲ್ಲಿ ಇಟ್ಟಿದ್ದು, ಪಕ್ಕದ ಸೇತುವೆಗೂ ಅವನದೇ ಹೆಸರು. ಹೊಳೆ ಮಳೆಗಾಲದ ಹೇಮಾವತಿ ಥರ ಕೆಂಪಗೆ ಹರೀತಿತ್ತು. ಸಮಾಧಿ ಎಲ್ಲಿ ಅಂತ ಅಪ್ಪ ಕೇಳಿದ್ರು. ಊರಾಚೆ ಅರ್ಧ ಗಂಟೆ ದಾರಿ, ರೌಂಡ್ ಓಕ್ ಅಂತ, ದುಡ್ಡು ಬಂದ ಮೇಲೆ ನ್ಯೂಯಾರ್ಕಿಗೆ ಹೋಗದೆ ಇಲ್ಲೇ 300 ಎಕರೆ ತಗೊಂಡು ಹೆಂಡತಿ ಮಕ್ಕಳ ಜೊತೆ ಇದ್ದ, ಅಲ್ಲೇ ಮಣ್ಣು ಮಾಡಿದ್ದಾರೆ, ಆದ್ರೆ ಅದು ಮನೆಯವರ ಸ್ವಂತ ಜಾಗ ಅಂದೆ.

"ಊರಲ್ಲೇ ತಗೊಂಡ್ನಾ" ಅಂದ್ರು ಅಪ್ಪ, ನನ್ನ ಕಡೆ ನೋಡ್ಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು "ಮನೆಯೋರ ಜಾಗ ಅಂದ್ಮೇಲೆ ಬೇಡ ಬಿಡು, ಹೇಳದೆ ಕೇಳದೆ ಹೋಗ್ಬಾರ್ದು" ಅಂತ ಎದ್ದು, ಪ್ರತಿಮೆ ಪಾದದ ಹತ್ರ ಬಿದ್ದಿದ್ದ ಚೆರ್ರಿ ಹೂವನ್ನ ಒಂದೊಂದೇ ಎತ್ತಿ ಪಕ್ಕಕ್ಕಿಟ್ಟು ಕಾರ್ ಕಡೆ ನಡೆದ್ರು.