ನಾಲ್ಕು ಜನರ ಮುಂದೆ ಬಾಯೇ ಬರಲ್ಲ, ನೆಟ್‌ವರ್ಕಿಂಗ್ ಹೇಗೆ ಮಾಡಲಿ?

ನಾನು ಹಾಸನದಲ್ಲೇ ಕೂತು ಬೆಂಗಳೂರಿನ ಕಂಪನಿಯೊಂದಕ್ಕೆ ಕೆಲಸ ಮಾಡುತ್ತೇನೆ. ಅದಕ್ಕೇ ಇರಬೇಕು, ಇಲ್ಲಿನ ಎಂಜಿನಿಯರಿಂಗ್ ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ ಇದೇ ಪ್ರಶ್ನೆ ಕೇಳುತ್ತಾರೆ. ಕೆಲಸ ಬೇಕಂದ್ರೆ ಕಾಂಟ್ಯಾಕ್ಟ್ ಬೆಳೆಸಿಕೋ ಅಂತಾರೆ, ಆದರೆ ನನಗೆ ಹೊಸಬರ ಹತ್ತಿರ ಮಾತೇ ಹೊರಡಲ್ಲ, ಏನು ಮಾಡಲಿ?

ನಾಲ್ಕು ಜನರ ಮುಂದೆ ಹೋಗಲೇಬೇಡಿ. ಒಬ್ಬರಿಗೆ ಬರೆಯಿರಿ. ನನ್ನ ಉತ್ತರ ಇಷ್ಟೇ.

ಯಾರಿಗೆ ಬರೆಯಬೇಕು ಅನ್ನೋದು ಮುಖ್ಯ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಲೇಖನ ಬರೆದರು. ಬಾಸ್ಟನ್ ಹತ್ತಿರದ ಊರೊಂದರಲ್ಲಿ, ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು ಅವರು ಮಾತಾಡಿಸಿದ್ದರು. ಸುದ್ದಿ ಕೊಟ್ಟವರನ್ನು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಅಂತ ಕೇಳಿದರೆ, ವಾರಕ್ಕೆ ಎರಡು ಸಲವಾದರೂ ಅಂದವರು ಶೇ. 17ರಷ್ಟು ಮಾತ್ರ. ಉಳಿದವರಿಗೆಲ್ಲ ಸುದ್ದಿ ಬಂದದ್ದು ಆಗೊಮ್ಮೆ ಈಗೊಮ್ಮೆ ಸಿಗುವವರಿಂದ. ಯೋಚಿಸಿದರೆ ಸರಿ ಅಲ್ವಾ? ನಿಮ್ಮ ರೂಮ್‌ಮೇಟ್‌ಗೆ ಗೊತ್ತಿರುವ ಕೆಲಸ ನಿಮಗೂ ಗೊತ್ತಿರುತ್ತದೆ. ಎರಡು ವರ್ಷದ ಹಿಂದೆ ಪಾಸಾಗಿ ಹೋದ ಸೀನಿಯರ್ ಇರುವುದು ಬೇರೆ ಕಡೆ, ಅವರ ಕಿವಿಗೆ ಬೀಳುವ ಸುದ್ದಿಯೂ ಬೇರೆ.

ಅಂಥವರು ನಿಮಗೆ ಈಗಾಗಲೇ ಇದ್ದಾರೆ. ಲ್ಯಾಬ್‌ನಲ್ಲಿ ಒಂದು ಸಲ ಸಹಾಯ ಮಾಡಿದ ಸೀನಿಯರ್, ಅಕ್ಕನ ಹಳೇ ಕ್ಲಾಸ್‌ಮೇಟ್, ಇಂಟರ್ನ್‌ಶಿಪ್ ಮಾಡಿದ ಕಡೆಯ ಸೂಪರ್‌ವೈಸರ್. ಇಲ್ಲಿನ ಮಲ್ನಾಡ್ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1960ರಲ್ಲಿ, ಆಮೇಲೆ ಎಷ್ಟೋ ಎಂಜಿನಿಯರ್‌ಗಳನ್ನು ಹೊರಗೆ ಕಳಿಸಿದೆ. ಅಲ್ಲಿ ಓದಿದವರಿಗೆ ಪರಿಚಯದ ಬರ ಅಂತ ಹೇಳಿದರೆ ನಾನು ನಂಬಲ್ಲ.

ನಿಜವಾಗಿ ತಡೆಯುವುದು ಇನ್ನೊಂದು. ಕೆಲಸಕ್ಕಾಗಿ ಅವರ ಮುಂದೆ ಹಲ್ಲು ಗಿಂಜಬೇಕಾ ಅನ್ನೋ ಸಂಕೋಚ. ನಮ್ಮ ಕಡೆ ಇನ್‌ಫ್ಲುಯೆನ್ಸ್ ಅಂದ ತಕ್ಷಣ ಶಾಸಕರ ಪತ್ರ ಕಣ್ಣ ಮುಂದೆ ಬರುತ್ತದೆ. ಕಂಪನಿಗಳ ರೆಫರಲ್ ಅದಲ್ಲ. ಒಳಗಿರುವ ಉದ್ಯೋಗಿ ನಿಮ್ಮ ರೆಸ್ಯೂಮೆಯನ್ನು ಕಂಪನಿಯ ಸೈಟಿನಲ್ಲಿ ಹಾಕುತ್ತಾರೆ. ಅದರಿಂದ ರೆಸ್ಯೂಮೆ ಯಾರಾದರೊಬ್ಬರ ಕಣ್ಣಿಗೆ ಬೀಳುವ ಸಾಧ್ಯತೆ ಜಾಸ್ತಿಯಾಗುತ್ತದೆ. ಇಂಟರ್ವ್ಯೂ ನೀವೇ ಪಾಸಾಗಬೇಕು. ನೀವು ಸೇರಿ ಕೆಲವು ತಿಂಗಳು ಉಳಿದರೆ ಅವರಿಗೆ ಬೋನಸ್ ಕೊಡುವ ಕಂಪನಿಗಳು ಬಹಳ ಇವೆ. ಇದರಲ್ಲಿ ಭಿಕ್ಷೆ ಎಲ್ಲಿ ಬಂತು?

ಆದರೂ ಮೊದಲ ಮೆಸೇಜಿನಲ್ಲೇ ಕೆಲಸ ಕೇಳಬೇಡಿ. "ಹಾಯ್ ಸರ್, ಎನಿ ಓಪನಿಂಗ್ಸ್?" ಅಂತ ನನಗೂ ಬರುತ್ತವೆ. ಏನು ಉತ್ತರ ಕೊಡಲಿ? ಅದರ ಬದಲು ಹೀಗೆ ಬರೆಯಿರಿ: "ನಮಸ್ಕಾರ, ನಾನು ನಿಮ್ಮ ಕಾಲೇಜಿನಲ್ಲೇ ಎಲೆಕ್ಟ್ರಾನಿಕ್ಸ್ ಫೈನಲ್ ಇಯರ್. ನೀವು ಟೆಸ್ಟಿಂಗ್ ಕೆಲಸದಿಂದ ಎಂಬೆಡೆಡ್ ಕೆಲಸಕ್ಕೆ ಹೋದದ್ದು ನೋಡಿದೆ. ಆ ಬದಲಾವಣೆಗೆ ಮೊದಲು ಏನು ಕಲಿತಿರಿ? ಬಿಡುವಾದಾಗ ಎರಡು ಸಾಲು ಬರೆದರೆ ಸಾಕು." ಅವರಿಗೆ ಉತ್ತರ ಗೊತ್ತಿರುವ, ಬಸ್ಸಲ್ಲಿ ಕೂತು ಬರೆಯಬಹುದಾದ ಪ್ರಶ್ನೆ. ಉತ್ತರ ಬಂದರೆ ಅದರಲ್ಲಿ ಒಂದನ್ನಾದರೂ ಮಾಡಿ, ಮಾಡಿದೆ ಅಂತ ತಿಳಿಸಿ. ಇದನ್ನು ಮಾಡುವವರು ಬಹಳ ಕಡಿಮೆ, ಹಾಗಾಗಿ ನಿಮ್ಮ ಹೆಸರು ನೆನಪಿರುತ್ತದೆ. ರೆಫರಲ್ ಕೇಳುವುದು ಆಮೇಲೆ, ಜಾಬ್ ಐಡಿ (ಆ ಹುದ್ದೆಗೆ ಕಂಪನಿ ಕೊಟ್ಟ ನಂಬರ್) ಮತ್ತು ರೆಸ್ಯೂಮೆ ಜೊತೆಗೆ. ಉತ್ತರವೇ ಬರದಿದ್ದರೆ ಒಂದು ವಾರ ಬಿಟ್ಟು ಇನ್ನೊಂದು ಸಲ ಬರೆಯಿರಿ, ಅಲ್ಲಿಗೆ ಬಿಡಿ.

ಮದುವೆ ಮನೆಗೆ ಹೋಗುವುದನ್ನೇ ಬಿಟ್ಟವರಿಗೂ ಒಂದು ಮಾತು. "ಏನಪ್ಪಾ ಮಾಡ್ತಿದೀಯ ಈಗ" ಅನ್ನೋ ಪ್ರಶ್ನೆ ಹಿಂಸೆಯೇ, ಒಪ್ಪುತ್ತೇನೆ. "ಸುಮ್ನೆ ಇದೀನಿ" ಅನ್ನುವ ಬದಲು "ಚಿಪ್ ಡಿಸೈನ್ ಕಡೆ ಕೆಲಸ ಹುಡುಕ್ತಿದೀನಿ" ಅಂತ ಒಂದೇ ಸಾಲು ಹೇಳಿ ಊಟಕ್ಕೆ ಹೋಗಿ. ಆ ಸಾಲನ್ನು ಊರೆಲ್ಲ ಹಂಚುವ ಕೆಲಸ ದೊಡ್ಡಮ್ಮಂದಿರದು.

ಫೋನ್ ರಿಂಗಾದರೇ ಎದೆ ಹೊಡೆದುಕೊಳ್ಳುತ್ತದೆ, ಇಂಟರ್ವ್ಯೂ ಹಿಂದಿನ ರಾತ್ರಿ ವಾಂತಿ ಬರುತ್ತದೆ ಅನ್ನುವವರೂ ಇದ್ದಾರೆ. ಅದು ಬರೀ ನಾಚಿಕೆ ಅಲ್ಲ, ಚಿಕಿತ್ಸೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು.

ಇನ್ನು ಬೆಂಗಳೂರಿನ ಮೀಟಪ್‌ಗಳು, ಅಂದರೆ ಒಂದೇ ಕ್ಷೇತ್ರದವರು ಸೇರುವ ಕೂಟಗಳು. ಹೋಗಲೇಬೇಕು ಅಂತಿಲ್ಲ. ಹೋಗುವುದಾದರೆ ಮೆಸೇಜಿನಲ್ಲಿ ಮೊದಲೇ ಪರಿಚಯವಾದ ಒಬ್ಬರು ಬರುವ ಕಡೆ ಹೋಗಿ. ಜನ ಸೇರುವ ಮುಂಚೆಯೇ ತಲುಪಿ, ಆಗ ಹಾಲ್ ಖಾಲಿ ಇರುತ್ತದೆ, ಮಾತು ಸುಲಭ. ಹಾಸನದಿಂದ ಬೆಂಗಳೂರಿಗೆ ಶ್ರವಣಬೆಳಗೊಳದ ಮೇಲೆ ನೇರ ರೈಲು 2017ರಿಂದ ಇದೆ. ಆ ಒಬ್ಬರನ್ನು ಮಾತಾಡಿಸಿ, ಊಟಕ್ಕೂ ನಿಲ್ಲದೆ ರೈಲು ಹತ್ತಿ ಬಂದುಬಿಟ್ಟರೂ ಯಾರೂ ಹಾಜರಿ ಕರೆಯಲ್ಲ.