ಮಳೆಗಾಲದ ಖಂಜಿರ: ಚರ್ಮ ಬಿಟ್ಟು ಪ್ಲಾಸ್ಟಿಕ್ ಫಿಲ್ಮಿಗೆ ಬಂದ ಲೆಕ್ಕ

ಮೇ ಕೊನೆ ವಾರ

ಹಳೇ ಖಂಜಿರ (ಒಂದು ಕೈಲಿ ಹಿಡ್ಕೊಂಡು ಇನ್ನೊಂದು ಕೈಲಿ ಬಾರಿಸೋ ಪುಟ್ಟ ದುಂಡು ಚರ್ಮವಾದ್ಯ) ಹೋಯ್ತು. ತಪ್ಪು ನಂದೇ. ನಾಲ್ಕು ದಿನ ಬಿಡದೆ ಮಳೆ ಹೊಡ್ದು ಚರ್ಮ ಥಂಡಿ ಎಳ್ಕೊಂಡು ಡಬ್ಬದಿಂದ ಹೊರಗಿಟ್ಟ ಹಪ್ಪಳದ ಥರ ಮೆತ್ತಗಾಗಿತ್ತು, ಬಚ್ಚಲ ಒಲೆ ಮೇಲಿನ ಅಟ್ಟದಲ್ಲಿ ಅರ್ಧ ಗಂಟೆ ಇಟ್ಟು ತೆಗೆದ್ರೆ ಸರಿಹೋಗತ್ತೆ ಅಂತ ಇಟ್ಟೋನು ಕರೆಂಟ್ ಹೋದ ಗಲಾಟೆಲಿ ಮರ್ತೇ ಬಿಟ್ಟೆ. ರಾತ್ರಿ ಹತ್ತೂವರೆಗೆ ಟಪ್ ಅಂತ ಸದ್ದು. ಅಮ್ಮ ಹಲಸಿನ ಬೀಜ ಸಿಡೀತು ಅಂದ್ಕೊಂಡ್ರಂತೆ. ಹೋಗಿ ನೋಡಿದ್ರೆ ಅಂಚಿಂದ ಅಂಚಿಗೆ ಸೀಳು.

ಆಡಿನ ಚರ್ಮ, ಎಂಟಿಂಚಿನ ಹಲಸಿನ ಮರದ ರಿಂಗು, ಒಂದೇ ಕಿಂಡಿ, ಅದರಲ್ಲಿ ಝಲ್ ಅನ್ನೋಕೆ ಮೂರು ಕಾಸು. ಆರು ವರ್ಷ ಬಂತು. ಆರು ವರ್ಷದಲ್ಲಿ ನುಡಿಸಿದ್ದು ಎಷ್ಟು ದಿನ ಅಂತ ಕೇಳ್ಬೇಡಿ. ನಮ್ಮೂರು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ದಾರೀಲಿ ಒಳಗೆ ಬರತ್ತೆ, ಆಗುಂಬೆಲಿ ವರ್ಷಕ್ಕೆ 7,000 ಮಿ.ಮೀ. ಮೇಲೆ ಮಳೆ, ನಮಗೇನು ಅದಕ್ಕಿಂತ ತುಂಬ ಕಮ್ಮಿ ಇಲ್ಲ. ಜೂನಿಂದ ಸೆಪ್ಟೆಂಬರ್ ತನಕ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು, ಖಂಜಿರಕ್ಕೆ ಬರದೇ ಇರತ್ತಾ. ತಮಾಷೆ ಏನಂದ್ರೆ ನಮ್ಮ ಭಜನೆ ಸೀಸನ್ನೂ ಅದೇ. ಶ್ರಾವಣದ ಶನಿವಾರಗಳು, ಅಷ್ಟಮಿ, ಚೌತಿ. ವಾದ್ಯ ಬೇಕಾದಾಗ ಸತ್ತಿರತ್ತೆ, ಡಿಸೆಂಬರಲ್ಲಿ ಜೀವ ಬಂದು ಕೂತಾಗ ನಾವು ಅಡಿಕೆ ಕೊಯ್ಲಲ್ಲಿ ಸತ್ತಿರ್ತೀವಿ.

ಜೂನ್ ಮೊದಲನೇ ವಾರ

ಏನು ತಗೊಳ್ಳೋದು ಅಂತ ಒಂದು ವಾರ ತಲೆ ಕೆಡಿಸ್ಕೊಂಡೆ.

ಉಡದ ಚರ್ಮದ ಮಾತು ಮೊದಲೇ ಮುಗಿಸ್ಬಿಡ್ತೀನಿ, ಯಾಕಂದ್ರೆ ಖಂಜಿರ ಅಂದಕೂಡ್ಲೇ ಯಾರಾದ್ರೂ ಒಬ್ರು "ಉಡದ್ದೇ ಬೇಕು ಮಾರಾಯ, ಉಳಿದಿದ್ದೆಲ್ಲ ವೇಸ್ಟು" ಅಂತ ಶುರು ಮಾಡ್ತಾರೆ. ನಾದ ಅದರದ್ದೇ ಚೆಂದ, ಒಪ್ತೀನಿ. ಖಂಜಿರ ವಿದ್ವಾನ್ ಜಿ. ಹರಿಶಂಕರ್ ಅವರ ಹಳೇ ರೆಕಾರ್ಡಿಂಗ್ ಕೇಳಿದ್ರೆ ಅಂಗೈಯಗಲದ ವಾದ್ಯದಿಂದ ಅಷ್ಟು ದಪ್ಪ ಗುಮ್ಕಿ (ಬೆರಳು ಒತ್ತಿ ಜಾರಿಸೋ ತಗ್ಗಿನ ನಾದ) ಹೆಂಗೆ ಬರತ್ತೆ ಅಂತ ಇವತ್ತಿಗೂ ನಂಗೆ ಆಶ್ಚರ್ಯ. ಆದ್ರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಲಿ ಉಡ ಮೊದಲನೇ ಶೆಡ್ಯೂಲಲ್ಲಿದೆ, ಹುಲಿ ಇರೋ ಪಟ್ಟಿ ಅದು. ಚರ್ಮ ಕೊಳ್ಳೋದೂ ಮಾರೋದೂ ಅಪರಾಧ. ಕಾಯ್ದೆ ಇಲ್ದಿದ್ರೂ ನಮ್ಮ ತೋಟದ ಕಾದಿಗೆಲಿ ಓಡಾಡ್ಕೊಂಡಿರೋ ಉಡನ ನೋಡಿ "ನಿನ್ನ ಹೊಟ್ಟೆ ಚರ್ಮ ಚೆನ್ನಾಗಿದೆ" ಅನ್ನೋಕೆ ನಂಗೆ ಮನಸಿಲ್ಲ.

ಎರಡನೇದು, ಆಡಿನ ಚರ್ಮನೇ ಮತ್ತೆ ಹಾಕಿಸೋದು. ಖರ್ಚು ಕಮ್ಮಿ. ಆದ್ರೆ ಮುಂದಿನ ಮಳೆಗೆ ಮತ್ತೆ ಇದೇ ಕಥೆ.

ಮೂರನೇದು ಸಿಂಥೆಟಿಕ್. ಡ್ರಮ್ ಸೆಟ್ಟಲ್ಲಿ ಇರ್ತದಲ್ಲ ಆ ಥರ ಪಾಲಿಯೆಸ್ಟರ್ ಫಿಲ್ಮು, ಒಳಗಡೆ ಐದು ಬೋಲ್ಟು, ಅಲೆನ್ ಕೀಲಿ ಬಿಗಿ ಸಡ್ಲ ಮಾಡ್ಕೋಬಹುದು. ಇದೇನು ನಿನ್ನೆ ಮೊನ್ನೆ ಬಂದಿದ್ದಲ್ಲ, ಅಮೆರಿಕದಲ್ಲಿ ರೆಮೊ ಬೆಲ್ಲಿ 1957ರಲ್ಲಿ ಕಂಪನಿ ಶುರು ಮಾಡಿದ್ದೇ ಮೈಲಾರ್ ಅನ್ನೋ ಇದೇ ಪಾಲಿಯೆಸ್ಟರ್ ಫಿಲ್ಮಿನ ಹೊದಿಕೆ ಮಾರೋಕೆ, ಅಲ್ಲಿನ ಡ್ರಮ್ಮರ್‌ಗಳಿಗೂ ಥಂಡಿಗೆ ಕರುವಿನ ಚರ್ಮ ಸಡ್ಲ ಆಗೋದೇ ತಲೆನೋವಾಗಿತ್ತು. ನಮ್ಮ ಬೆಂಗಳೂರಲ್ಲೇ ಡಾ. ಕೆ. ವರದರಂಗನ್ ಅವರು ಫೈಬರ್ ಗ್ಲಾಸ್ ಮೃದಂಗಕ್ಕೆ ಸಿಂಥೆಟಿಕ್ ಮುಚ್ಚಿಗೆ ಮಾಡಿದಾರೆ. ಮೃದಂಗಕ್ಕೇ ಆಗಿರೋದು ಭಜನೆ ಮನೆ ಖಂಜಿರಕ್ಕೆ ಆಗಬಾರ್ದಾ?

ಶಿವಮೊಗ್ಗದ ನಮ್ಮ ಖಂಜಿರದ ಮೇಷ್ಟ್ರಿಗೆ ಫೋನ್ ಮಾಡಿ ಹೇಳ್ದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ತಗೋ. ಆದ್ರೆ ನೀರು ಹಾಕೋದೂ ಪಾಠನೇ ಕಣೋ, ಅದು ತಪ್ಪಿಹೋಗತ್ತೆ ನಿಂಗೆ" ಅಂದ್ರು. ಆರ್ಡರ್ ಹಾಕ್ದೆ.

ಜೂನ್ ಮೂರನೇ ವಾರ

ಬಂತು. ಅಡಿಗೆಮನೆ ತಕ್ಕಡಿಲಿ ತೂಗಿದ್ರೆ 440 ಗ್ರಾಂ, ಹಳೇದು 310 ಇತ್ತು. ಬೋಲ್ಟು, ಕಬ್ಬಿಣದ ರಿಂಗು ಎಲ್ಲ ಸೇರಿ. ನೂರ ಮೂವತ್ತು ಗ್ರಾಂ ಏನ್ ಮಹಾ ಅಂತ ಅಂದ್ಕೊಂಡಿದ್ದೆ, ಎಡಗೈಲಿ ಹಿಡ್ಕೊಂಡು ಅದೇ ಎಡಗೈ ಬೆರಳಲ್ಲಿ ಚರ್ಮ ಒತ್ತೋ ವಾದ್ಯ ಇದು, ಇಪ್ಪತ್ತು ನಿಮಿಷಕ್ಕೆ ಮಣಿಕಟ್ಟು ಗೋಳಾಡ್ತು.

ಮೊದಲನೇ ಪೆಟ್ಟಿಗೆ ಅಮ್ಮ ಒಳಗಿಂದ್ಲೇ ಕೇಳಿದ್ರು, "ಬಕೆಟ್ ಬೋರಲು ಹಾಕ್ಕೊಂಡು ಬಡೀತಿದ್ಯನೋ?" ನಿಜ ಹಾಗೇ ಇತ್ತು. ಟಣ್ ಅಂತ ಹೊಡೆದ್ರೆ ಟಣ್ಣ್ಣ್ ಅಂತ ಎಳೀತಾನೇ ಇರತ್ತೆ, ನಿಲ್ಲೋದೇ ಇಲ್ಲ.

ಇದು ಯಾಕೆ ಅಂತ ಆ ವಾರ ಸ್ವಲ್ಪ ಓದ್ಕೊಂಡೆ. ಸಾದಾ ದುಂಡು ಪರದೆ ಎಳೆದು ಹೊಡೆದ್ರೆ ಮೂಲ ಸ್ವರದ ಮೇಲಿನ ಮುಂದಿನ ಸ್ವರ ಅದರ 1.59 ಪಟ್ಟು ಇರತ್ತೆ, ಎರಡು ಪಟ್ಟು ಅಲ್ಲ, ಹಾಗಾಗಿ ಶ್ರುತಿಗೆ ಕೂರಲ್ಲ. ಮೃದಂಗ ತಬಲಾದಲ್ಲಿ ನಡುವೆ ಕರಣೆ (ಆ ಕಪ್ಪು ವೃತ್ತ) ಹಾಕಿ ತೂಕ ಕೊಡೋದ್ರಿಂದ ಆ ಸ್ವರಗಳು ಎರಡು ಪಟ್ಟು, ಮೂರು ಪಟ್ಟು ಅನ್ನೋ ಲೆಕ್ಕಕ್ಕೆ ಬರ್ತವೆ, ಇದನ್ನ ಸಿ. ವಿ. ರಾಮನ್ 1920ರಲ್ಲೇ ಬರೆದು, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇನ್ನೂ ವಿವರವಾಗಿ ಬರೆದಿದಾರೆ. ಖಂಜಿರಕ್ಕೆ ಕರಣೆ ಇಲ್ಲ. ನಾವು ಒಳಮೈಗೆ ನೀರು ಸವರಿದಾಗ ಚರ್ಮ ಸಡ್ಲ ಆಗಿ ಸ್ವರ ಕೆಳಗಿಳಿಯೋದು ಒಂದು, ಆ ಅಪಸ್ವರಗಳನ್ನ ಒದ್ದೆ ಚರ್ಮ ಬೇಗ ನುಂಗಿಬಿಡೋದು ಇನ್ನೊಂದು. ಫಿಲ್ಮು ನೀರು ಕುಡಿಯೋದು ತೂಕದ ನೂರಕ್ಕೆ ಒಂದು ಪಾಲೂ ಇಲ್ಲ. ಮಳೆಗೆ ಹೆದರಲ್ಲ ಅನ್ನೋದೂ ಅದಕ್ಕೇ, ಬಕೆಟ್ ಸದ್ದು ಬರೋದೂ ಅದಕ್ಕೇ. (ಟ್ಯೂನರ್ ಆ್ಯಪ್ ಇಟ್ಟು ನೋಡ್ದೆ, ಒಂದೇ ಪೆಟ್ಟಿಗೆ ಮೂರು ಸ್ವರ ತೋರಿಸ್ತು, ಡಿಲೀಟ್ ಮಾಡ್ದೆ.)

ಜುಲೈ ಪೂರ್ತಿ, ಒಟ್ಟಿಗೇ ಬರೀತಿದೀನಿ

ಪ್ರಯೋಗ ಒಂದು: ಎಲ್ಲ ಬೋಲ್ಟು ಸಡ್ಲ ಮಾಡೋದು. ಅರ್ಧ ಸುತ್ತು, ಕಾಲು ಸುತ್ತು ಅಂತ ಎದುರುಬದುರು ಬೋಲ್ಟು ತಿರುಗಿಸ್ತಾ ಫಿಲ್ಮು ಇನ್ನೇನು ಸುಕ್ಕು ಬೀಳತ್ತೆ ಅನ್ನೋವರೆಗೂ ಇಳಿಸ್ದೆ. ತೊಂ ಅನ್ನೋ ದಪ್ಪ ಪೆಟ್ಟು ಪರವಾಗಿಲ್ಲ ಅನ್ನೋಹಂಗೆ ಬಂತು. ಎಳೆಯೋ ಸದ್ದು ಹೋಗ್ಲಿಲ್ಲ.

ಪ್ರಯೋಗ ಎರಡು ಹೇಳೋಕೆ ನಾಚಿಕೆ. ಮೃದಂಗದ ಎಡಮುಖಕ್ಕೆ ರವೆ ಕಲಸಿ ಹಚ್ತಾರಲ್ಲ, ಅದನ್ನೇ ಇದಕ್ಕೆ ಒಳಗಡೆ ಯಾಕೆ ಹಚ್ಚಬಾರ್ದು ಅನ್ನಿಸ್ತು. ಚಿಕ್ಕ ನೆಲ್ಲಿಕಾಯಷ್ಟು ಬಾಂಬೆ ರವೆ ಕಲಸಿ ನಡುವೆ ಅಂಟಿಸ್ದೆ. ಏನ್ ಹೇಳ್ಲಿ, ಸ್ವರ್ಗ! ಸ್ವರ ಇಳೀತು, ಎಳೆಯೋದು ನಿಂತ್ತು, ಗುಮ್ಕಿ ಒಳ್ಳೇ ದಪ್ಪಗೆ ಬಂತು. ಹುಮ್ಮಸ್ಸಲ್ಲಿ ಆ ಶನಿವಾರ ಭಜನೆಗೆ ತಗೊಂಡು ಹೋದೆ. ಎರಡನೇ ಪದಕ್ಕೆ ರವೆ ಒಣಗಕ್ಕೆ ಶುರುವಾಯ್ತು, ಮೂರನೇ ಪದದ ಮಧ್ಯ ಪೂರ್ತಿ ಉಂಡೆ ಕಿತ್ತು ಹಾರಿ ಹಾರ್ಮೋನಿಯಂ ಮೇಲೆ ಬಿತ್ತು. ನುಡಿಸ್ತಿದ್ದ ಭಟ್ರು ನಿಲ್ಲಿಸ್ಲಿಲ್ಲ, ಪ್ರಸಾದ ಅಂದ್ಕೊಂಡ್ರೋ ಏನೋ, ಪಕ್ಕಕ್ಕೆ ತಳ್ಳಿ ಮುಂದುವರಿಸಿದ್ರು. ಬೆಳಿಗ್ಗೆ ಎದ್ದು ನೋಡಿದ್ರೆ ಖಂಜಿರದ ಒಳಗೆಲ್ಲ ಇರುವೆ.

ಮೂರು: ಗಾಯಕ್ಕೆ ಹಾಕೋ ಬಿಳೀ ಪೇಪರ್ ಟೇಪು, ಮೆಡಿಕಲ್ ಶಾಪಲ್ಲಿ ಸಿಗೋದು. ಒಳಗಡೆ ಅಂಚಿಂದ ಒಂದು ಬೆರಳು ಬಿಟ್ಟು ಸುತ್ತ ಒಂದು ಸುತ್ತು, ನಡುವೆ ರೂಪಾಯಿ ನಾಣ್ಯದಗಲಕ್ಕೆ ನಾಲ್ಕು ಪದರ. ಇದು ಕ್ಲಿಕ್ ಆಯ್ತು. ರವೆಯಷ್ಟು ಚೆಂದ ಇಲ್ಲ, ಆದ್ರೆ ಇರುವೆ ಬರಲ್ಲ. ಹೊರಮೈ ನುಣುಪಿಗೆ ಬೆರಳು ಜಾರ್ತಿತ್ತು, ಹಳೇ ಸವೆದ ಮರಳು ಕಾಗದದಲ್ಲಿ ಮೆಲ್ಲಗೆ ಉಜ್ಜಿದ ಮೇಲೆ ಹಿಡಿತ ಸಿಕ್ತು.

ಉಳಿದಿದ್ದು ಗುಮ್ಕಿ. ಚರ್ಮದಲ್ಲಿ ಎಡಗೈ ಬೆರಳು ಒತ್ತಿದ್ರೆ ಸ್ವರ ಜಾರ್ಕೊಂಡು ಮೇಲೆ ಹೋಗತ್ತೆ, ಫಿಲ್ಮಲ್ಲಿ ಹಾರ್ಕೊಂಡು ಹೋಗತ್ತೆ. ಚರ್ಮ ಹಿಗ್ಗತ್ತೆ, ಇದು ಹಿಗ್ಗಲ್ಲ, ಒಂಚೂರು ಒತ್ತಿದ್ರೂ ಬಿಗಿ ಏರಿಬಿಡತ್ತೆ. ಇದಕ್ಕೆ ಟೇಪಲ್ಲಿ ಮದ್ದಿಲ್ಲ, ಬೆರಳೇ ಬದಲಾಗ್ಬೇಕು. ಮೊದಲು ಎರಡು ಬೆರಳಲ್ಲಿ ಗಟ್ಟಿ ಒತ್ತುತಿದ್ದೋನು ಈಗ ತೋರುಬೆರಳ ತುದಿ ಒಂದನ್ನೇ, ಅಂಚಿಗೆ ಇನ್ನೂ ಹತ್ರ, ಸೊಳ್ಳೆ ಕೂತಷ್ಟು ಮೆತ್ತಗೆ ಇಡ್ತೀನಿ. ಹತ್ತು ಸಲಕ್ಕೆ ಆರು ಸಲ ಬರತ್ತೆ. ವಾಟ್ಸಾಪಲ್ಲಿ ರೆಕಾರ್ಡ್ ಮಾಡಿ ಮೇಷ್ಟ್ರಿಗೆ ಕಳಿಸ್ದೆ. "ಗುಮ್ಕಿ ಬಿಕ್ಕಳಿಸ್ತಿದೆ. ಆದ್ರೆ ಲಯ ಹೋದ ವರ್ಷಕ್ಕಿಂತ ಗಟ್ಟಿ ಆಗಿದೆ, ಏನ್ ಮಾಡ್ದೆ?" ಅಂತ ಉತ್ತರ.

ಏನೂ ಮಾಡ್ಲಿಲ್ಲ, ದಿನಾ ಕೂತೆ ಅಷ್ಟೆ. ಹೋದ ವರ್ಷದ ತನಕ ಸಂಜೆ ಕೂರೋ ಮುಂಚೆ ಚರ್ಮ ಒರೆಸು, ಬೆಂಕಿ ಹತ್ರ ಹಿಡಿ, ಜಾಸ್ತಿ ಒಣಗ್ತು ನೀರು ಸವರು, ಐದು ನಿಮಿಷ ಕಾಯಿ, ಅಷ್ಟೊತ್ತಿಗೆ ಊಟಕ್ಕೆ ಕರೀತಿದ್ರು. ಈಗ ಗೋಡೆ ಮೊಳೆಯಿಂದ ತೆಗ್ದು ತಕಧಿಮಿ ಅಂತ ಶುರು.

ಆಗಸ್ಟ್ ಕೊನೆ

ಕ್ಯಾಲೆಂಡರಲ್ಲಿ ಟಿಕ್ ಹಾಕ್ತಿದ್ದೆ. ಜೂನ್ ಜುಲೈ ಆಗಸ್ಟ್ ಸೇರಿ 92 ದಿನ, ವಾದ್ಯ ಬಂದಿದ್ದೇ ಜೂನ್ ಮೂರನೇ ವಾರ, ಆದ್ರೂ 61 ಟಿಕ್ ಇದಾವೆ. ಹೋದ ವರ್ಷದ್ದು ಇದೇ ಮೂರು ತಿಂಗಳು ಹದಿನೈದು ದಾಟಿರ್ಲಿಲ್ಲ.

ಶ್ರಾವಣದಲ್ಲಿ ಒಂದಿನ ಪಕ್ಕದೂರಿನ ಹಿರಿಯರೊಬ್ರು ಅವರ ಚರ್ಮದ ಖಂಜಿರ ತಂದಿದ್ರು, ಗ್ಯಾಸ್ ಲೈಟಿನ ಹತ್ರ ಕಾಯಿಸಿ ಕಾಯಿಸಿ ಇಟ್ಕೊಂಡು. ಅವರ ಒಂದು ತೊಂ ಬಿದ್ದಾಗ ನನ್ನದು ಮಕ್ಕಳಾಟಿಕೆ ಅನ್ನಿಸ್ತು, ಸುಳ್ಳು ಹೇಳಲ್ಲ. ಒಂದು ಗಂಟೆ ಆಗೋಷ್ಟರಲ್ಲಿ ಅವರದ್ದು ಪೂರ್ತಿ ಇಳಿದುಹೋಯ್ತು, ನನ್ನ ಕಡೆ ಕೈ ಚಾಚಿ "ತಾರಾ ನಿನ್ನ ಪ್ಲಾಸ್ಟಿಕ್ಕು" ಅಂದ್ರು. ಮಂಗಳಾರತಿ ತನಕ ವಾಪಸ್ ಕೊಡ್ಲಿಲ್ಲ. ನಾನು ತಾಳ ಹಿಡ್ಕೊಂಡು ಕೂತೆ.

ಹಳೇ ಹಲಸಿನ ರಿಂಗು ಎಸೆದಿಲ್ಲ. ದೀಪಾವಳಿ ಕಳೆದು ಹವೆ ಒಣಗಿದ ಮೇಲೆ ಆಡಿನ ಚರ್ಮ ಹಾಕಿಸಿ ಬೇಸಿಗೆಗೆ ಅಂತ ಇಟ್ಕೊಳ್ಳೋದು, ನೀರು ಹಾಕೋ ಪಾಠ ಮೇಷ್ಟ್ರ ಹತ್ರ ಬಾಕಿ ಇದೆಯಲ್ಲ.

ಈಗಿನ ತಲೆನೋವು ಬೇರೆ. ಫಿಲ್ಮಿಗೆ ಏನೂ ಆಗಿಲ್ಲ, ಹೊಸದರ ಥರ ಇದೆ, ಆದ್ರೆ ಕಿಂಡಿಲಿರೋ ಹಿತ್ತಾಳೆ ಕಾಸು ಹಸಿರು ಕಿಲುಬು ಹಿಡಿದು ಮೂರೂ ಒಂದಕ್ಕೊಂದು ಅಂಟಿ ಕೂತಿವೆ, ಝಲ್ ಅನ್ನೋದು ಬಿಟ್ಟು ಕಟ್ ಅಂತಿವೆ. ಹುಣಸೆಹಣ್ಣಲ್ಲಿ ನೆನೆಹಾಕಿದೀನಿ. ಕಾಸು ಪೋಣಿಸಿರೋ ಕಂಬಿನೂ ತುಕ್ಕು, ಸೈಕಲ್ ಅಂಗಡಿಲಿ ಸ್ಟೀಲ್ ಸ್ಪೋಕ್ ಒಂದು ಕೇಳ್ಬೇಕು ನಾಳೆ, ಚೌತಿಗೆ ಇನ್ನು ಎಂಟೇ ದಿನ.